ಮನೆಮಾತಿನ ಕತೆ ಮತ್ತು ಗ್ರಂಥಾಲಯ: ಪುರಾ ಬೆಲ್‌ಪ್ರೆ ಅವರ ಬದುಕು

ಗ್ರಂಥಾಲಯವು ಮುದ್ರಿತ ಪುಸ್ತಕಗಳ ನೆಲೆ. ಆದ್ದರಿಂದಲೇ ಮುದ್ರಣಕ್ಕೆ ಬಾರದ ಮೌಖಿಕ ಪರಂಪರೆಗಳಿಗೆ ಅಲ್ಲಿ ಸ್ಥಾನ ದೊರೆಯುವುದು ಕಷ್ಟ. ವಲಸೆ ಬಂದ ಕುಟುಂಬಗಳ ಮಕ್ಕಳ ವಿಷಯದಲ್ಲಿ ಈ ಇಕ್ಕಟ್ಟು ಇನ್ನಷ್ಟು ತೀವ್ರವಾಗುತ್ತದೆ. ಮನೆಯಲ್ಲಿ ಕೇಳಿದ ಕತೆಗೂ ಕಪಾಟಿನ ಪುಸ್ತಕಕ್ಕೂ ಸಂಬಂಧವೇ ಇಲ್ಲದಿದ್ದಾಗ ಓದು ಪರಕೀಯವಾಗಿಬಿಡುತ್ತದೆ. ನ್ಯೂಯಾರ್ಕ್ ಸಾರ್ವಜನಿಕ ಗ್ರಂಥಾಲಯದಲ್ಲಿ ಈ ಸಮಸ್ಯೆಗೆ ಮುಖಾಮುಖಿಯಾದವರು ಪುರಾ ಬೆಲ್‌ಪ್ರೆ.

ಅವರು ಹುಟ್ಟಿದ್ದು ಕೆರಿಬಿಯನ್ ದ್ವೀಪವಾದ ಪೋರ್ಟೊ ರಿಕೊದ ಸಿದ್ರಾ ಎಂಬ ಊರಿನಲ್ಲಿ. 1898ರಲ್ಲಿ ಈ ದ್ವೀಪವು ಸ್ಪೇನಿನಿಂದ ಅಮೆರಿಕದ ವಶಕ್ಕೆ ಬಂದಿತು. 1917ರಲ್ಲಿ ಅಲ್ಲಿನ ಜನರಿಗೆ ಅಮೆರಿಕದ ಪೌರತ್ವ ದೊರೆಯಿತು. ಹೀಗಾಗಿ ನ್ಯೂಯಾರ್ಕಿಗೆ ಬಂದ ಪೋರ್ಟೊ ರಿಕನ್ನರು ಕಾನೂನಿನ ದೃಷ್ಟಿಯಿಂದ ಪೌರರು, ಭಾಷೆಯ ದೃಷ್ಟಿಯಿಂದ ಹೊರಗಿನವರು. ಶಿಕ್ಷಕಿಯಾಗುವ ಉದ್ದೇಶದಿಂದ ವಿಶ್ವವಿದ್ಯಾಲಯ ಸೇರಿದ್ದ ಬೆಲ್‌ಪ್ರೆ, 1920ರಲ್ಲಿ ಸೋದರಿಯ ಮದುವೆಗೆಂದು ನ್ಯೂಯಾರ್ಕಿಗೆ ಹೋದವರು ಅಲ್ಲಿಯೇ ನೆಲೆಸಿದರು. ಹಾರ್ಲೆಮ್‌ನ 135ನೆಯ ಬೀದಿಯ ಶಾಖಾ ಗ್ರಂಥಾಲಯದ ಮುಖ್ಯಸ್ಥೆ ಅರ್ನೆಸ್ಟೀನ್ ರೋಸ್ ಅವರು ಬಡಾವಣೆಯಲ್ಲಿ ಸ್ಪ್ಯಾನಿಷ್ ಭಾಷಿಕರು ಹೆಚ್ಚುತ್ತಿರುವುದನ್ನು ಗಮನಿಸಿ, 1921ರಲ್ಲಿ ಇವರನ್ನು ಸಹಾಯಕಿಯಾಗಿ ನೇಮಿಸಿಕೊಂಡರು.

ಜಾನಪದ ಕತೆಗಳ ಕಪಾಟಿನಲ್ಲಿ ಬೆಲ್‌ಪ್ರೆಯವರಿಗೆ ತಮ್ಮ ನಾಡಿನ ಒಂದು ಕತೆಯೂ ಕಾಣಲಿಲ್ಲ. ಗ್ರಂಥಾಲಯ ವಿಜ್ಞಾನದ ತರಬೇತಿಯ ಅವಧಿಯಲ್ಲಿ, ಅಜ್ಜಿಯಿಂದ ಕೇಳಿದ್ದ ಜಿರಳೆ ಮಾರ್ಟಿನಾ ಮತ್ತು ಇಲಿ ಪೆರೆಸ್‌ನ ಕತೆಯನ್ನು ಅವರು ಬರಹಕ್ಕೆ ಇಳಿಸಿದರು. ಕಥಾಸಮಯದಲ್ಲಿ ಪ್ರಕಟಿತ ಪುಸ್ತಕಗಳ ಕತೆಗಳನ್ನು ಮಾತ್ರ ಹೇಳಬೇಕೆಂಬುದು ಆ ಗ್ರಂಥಾಲಯದ ರೂಢಿಯಾಗಿತ್ತು. ಇವರಿಗೆ ಅಪ್ರಕಟಿತ ಕತೆ ಹೇಳಲು ವಿಶೇಷ ಅನುಮತಿ ದೊರೆಯಿತು. ಅಜ್ಜಿಯ ನೆನಪು ಪುಸ್ತಕದಷ್ಟೇ ಪ್ರಮಾಣವೆಂದು ಸಂಸ್ಥೆಯೊಂದು ಒಪ್ಪಿಕೊಂಡದ್ದು ಸಣ್ಣ ಸಂಗತಿಯಲ್ಲ.

1929ರಲ್ಲಿ 115ನೆಯ ಬೀದಿಯ ಶಾಖೆಗೆ ವರ್ಗವಾದ ಬೆಲ್‌ಪ್ರೆ, ಇಂಗ್ಲಿಷ್ ಹಾಗೂ ಸ್ಪ್ಯಾನಿಷ್ ಎರಡರಲ್ಲೂ ಕಥಾಸಮಯ ನಡೆಸಿದರು. ಸ್ಪ್ಯಾನಿಷ್ ಪುಸ್ತಕಗಳನ್ನು ತರಿಸಿದರು. ಮೂವರು ಅರಸರ ಹಬ್ಬವನ್ನು ಗ್ರಂಥಾಲಯದಲ್ಲಿಯೇ ಆಚರಿಸಿದರು. ಇಂಗ್ಲಿಷ್ ಬಾರದ ತಂದೆತಾಯಂದಿರೂ ಮಕ್ಕಳೊಡನೆ ಒಳಗೆ ಬರುವಂತಾಯಿತು. ಪೆರೆಸ್ ಮತ್ತು ಮಾರ್ಟಿನಾರ ಕತೆ 1932ರಲ್ಲಿ ಪುಸ್ತಕವಾಗಿ ಪ್ರಕಟವಾಯಿತು.

1943ರಲ್ಲಿ ಸಂಗೀತಗಾರ ಕ್ಲಾರೆನ್ಸ್ ಕ್ಯಾಮರನ್ ವೈಟ್ ಅವರನ್ನು ವರಿಸಿದ ಬೆಲ್‌ಪ್ರೆ, ಕೆಲಸ ಬಿಟ್ಟು ಬರವಣಿಗೆಯಲ್ಲಿ ತೊಡಗಿದರು. 1960ರಲ್ಲಿ ಪತಿ ತೀರಿಕೊಂಡ ನಂತರ ಸ್ಪ್ಯಾನಿಷ್ ಮಕ್ಕಳ ಸೇವೆಯ ತಜ್ಞೆಯಾಗಿ ಗ್ರಂಥಾಲಯಕ್ಕೆ ಮರಳಿ 1968ರಲ್ಲಿ ನಿವೃತ್ತರಾದರು. ಬಳಿಕವೂ ದಕ್ಷಿಣ ಬ್ರಾಂಕ್ಸ್‌ನ ಬಡಾವಣೆಗಳಲ್ಲಿ ಗೊಂಬೆಯಾಟದ ಮೂಲಕ ಕತೆ ಹೇಳಿದರು. 1982ರ ಜುಲೈ 1ರಂದು ನಿಧನರಾದರು. ಅವರ ಹೆಸರಿನ ಮಕ್ಕಳ ಸಾಹಿತ್ಯ ಪ್ರಶಸ್ತಿಯನ್ನು 1996ರಿಂದ ನೀಡಲಾಗುತ್ತಿದೆ.

ಈ ಸಾಧನೆಯೊಳಗೊಂದು ವೈರುಧ್ಯವೂ ಇದೆ. ಅಜ್ಜಿಯ ಸ್ಪ್ಯಾನಿಷ್ ಕತೆ ಕಪಾಟು ಸೇರಲು ಮೊದಲು ಇಂಗ್ಲಿಷಿನ ಮುದ್ರಿತ ರೂಪವನ್ನು ತಳೆಯಬೇಕಾಯಿತು; ಅದರ ಸ್ಪ್ಯಾನಿಷ್ ಆವೃತ್ತಿ ಬಂದದ್ದು 1960ರ ದಶಕದಲ್ಲಿ. ಪುಸ್ತಕವು ಮಾಡಲಾರದ್ದನ್ನು ಅಷ್ಟೂ ಕಾಲ ಅವರ ದನಿ ಮಾಡಿತು. ಅವರ ಕೊಡುಗೆಯನ್ನು ಪ್ರಕಟಿತ ಕೃತಿಗಳಿಂದಷ್ಟೇ ಅಳೆಯಲಾಗದು. ತುಳು, ಕೊಂಕಣಿ, ಲಂಬಾಣಿ ಮನೆಮಾತಿನ ಮಕ್ಕಳು ಕನ್ನಡದ ಮೂಲಕ ಅಕ್ಷರಲೋಕ ಪ್ರವೇಶಿಸುವ ನಮ್ಮ ಸಂದರ್ಭದಲ್ಲಿ, ಕನ್ನಡವೇ ಇಲ್ಲಿ ಕಪಾಟಿನ ಭಾಷೆಯ ಸ್ಥಾನದಲ್ಲಿದೆ ಎಂಬುದನ್ನು ಈ ಬದುಕು ನೆನಪಿಸುತ್ತದೆ.