ಗ್ರಂಥಾಲಯ ವಿಜ್ಞಾನಿ ಡಾ. ಎಸ್. ಆರ್. ರಂಗನಾಥನ್ (1892–1972)

ವಿಜಯನಗರದ ಆರ್‌ಪಿಸಿ ಲೇಔಟ್‌ನಲ್ಲಿರುವ ಹಂಪಿನಗರ ಗ್ರಂಥಾಲಯಕ್ಕೆ ಸದಸ್ಯತ್ವದ ಅರ್ಜಿಯೊಂದಿಗೆ ಬರುವ ನಾಗರಿಕರು, ಪುಸ್ತಕವು ಇರಬೇಕಾದ ಸ್ಥಳದಲ್ಲಿಯೇ ಇರುವುದೆಂಬ ನಂಬಿಕೆಯಿಂದ ಕಪಾಟಿನ ಬಳಿಗೆ ನಡೆಯುತ್ತಾರೆ. ಸಾವಿರಾರು ಪುಸ್ತಕಗಳ ನಡುವೆ ಸ್ಥಾನ ತಪ್ಪಿದ ಒಂದು ಪುಸ್ತಕವು ಕಟ್ಟಡದೊಳಗೇ ಇದ್ದರೂ ಓದುಗನ ಪಾಲಿಗೆ ಇಲ್ಲದಂತೆಯೇ ಸರಿ. ಈ ಕಾರಣದಿಂದಲೇ ನೋಡಿದ ಪುಸ್ತಕವನ್ನು ತಾವೇ ಕಪಾಟಿಗೆ ಸೇರಿಸದೆ ಮೇಜಿನ ಮೇಲೆ ಬಿಡುವಂತೆ ಓದುಗರನ್ನು ಕೋರುವುದು ಗ್ರಂಥಾಲಯಗಳ ವಾಡಿಕೆ. ಪುಸ್ತಕಗಳನ್ನು ಕ್ರಮಪಡಿಸುವ ಈ ಕೆಲಸಕ್ಕೆ ನಮ್ಮ ದೇಶದಲ್ಲಿ ಶಾಸ್ತ್ರದ ನೆಲೆಗಟ್ಟನ್ನು ಒದಗಿಸಿದ ಶಿಯಾಳಿ ರಾಮಾಮೃತ ರಂಗನಾಥನ್ ಅವರ ಜೀವನದ ಪರಿಚಯವನ್ನು ಸಾರ್ವಜನಿಕರ ಮಾಹಿತಿಗಾಗಿ ಇಲ್ಲಿ ನೀಡಲಾಗಿದೆ.

ರಂಗನಾಥನ್ ಅವರು 1892ರ ಆಗಸ್ಟ್ ತಿಂಗಳಿನಲ್ಲಿ ತಂಜಾವೂರು ಸೀಮೆಯ ಶಿಯಾಳಿಯಲ್ಲಿ ಜನಿಸಿದರು. ದಾಖಲೆಗಳಲ್ಲಿ ಜನ್ಮದಿನಾಂಕವು 12 ಎಂದಿದೆ. ಅವರು ಸ್ವತಃ ಬರೆದುಕೊಂಡಿರುವುದು 9 ಎಂದು. ಜಗತ್ತಿನ ಗ್ರಂಥಗಳನ್ನೆಲ್ಲ ಕ್ರಮಪಡಿಸಲು ಹೊರಟವರ ಜನ್ಮದಿನವೇ ದಾಖಲೆಯಲ್ಲಿ ಹೊಂದಿಕೆಯಾಗದಿರುವುದು ಸ್ವಾರಸ್ಯದ ಸಂಗತಿ. ಮದ್ರಾಸ್ ಕ್ರಿಶ್ಚಿಯನ್ ಕಾಲೇಜಿನಲ್ಲಿ ಗಣಿತಶಾಸ್ತ್ರದ ಸ್ನಾತಕೋತ್ತರ ಪದವಿಯನ್ನು ಪಡೆದ ಅವರು, 1917ರಲ್ಲಿ ಮಂಗಳೂರಿನ ಸರ್ಕಾರಿ ಕಾಲೇಜಿನಲ್ಲಿ ಅಧ್ಯಾಪಕರಾಗಿ ವೃತ್ತಿಜೀವನವನ್ನು ಆರಂಭಿಸಿದರು. ಮಂಗಳೂರು ಆಗ ಮದ್ರಾಸ್ ಪ್ರಾಂತ್ಯಕ್ಕೆ ಸೇರಿತ್ತು. ನಂತರ ಕೊಯಮತ್ತೂರಿನಲ್ಲಿಯೂ ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿಯೂ ಬೋಧಿಸಿದರು.

1924ರ ಜನವರಿಯಲ್ಲಿ ಮದ್ರಾಸ್ ವಿಶ್ವವಿದ್ಯಾಲಯದ ಗ್ರಂಥಪಾಲಕರಾಗಿ ನೇಮಕಗೊಂಡಾಗ ಅವರಿಗೆ ಈ ವೃತ್ತಿಯ ಯಾವುದೇ ಅನುಭವವಿರಲಿಲ್ಲ. ತರಗತಿಯ ಕಲರವಕ್ಕೆ ಒಗ್ಗಿದ್ದ ಅವರಿಗೆ ಗ್ರಂಥಾಲಯದ ನೀರವತೆ ಸಹಿಸಲಾಗದಾಯಿತು. ಕೆಲವೇ ದಿನಗಳಲ್ಲಿ ತಮ್ಮನ್ನು ಅಧ್ಯಾಪನಕ್ಕೆ ಹಿಂದಿರುಗಿಸುವಂತೆ ಕೇಳಿಕೊಂಡರು. ಮೊದಲು ಲಂಡನ್ನಿಗೆ ಹೋಗಿ ತರಬೇತಿ ಪಡೆದು ಬರಲಿ, ಆಮೇಲೂ ಮನಸ್ಸಾಗದಿದ್ದರೆ ಬೋಧನೆಗೆ ಮರಳಲಿ ಎಂಬ ತೀರ್ಮಾನವಾಯಿತು.

ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಅವರಿಗೆ ವರ್ಗೀಕರಣವನ್ನು ಬೋಧಿಸಿದವರು ಬರ್ವಿಕ್ ಸೇಯರ್ಸ್. ಪಾಠದ ಜೊತೆಗೆ ಅಲ್ಲಿನ ಅನೇಕ ಗ್ರಂಥಾಲಯಗಳನ್ನು ಅವರು ಕಂಡರು. ಊರಿನ ಸಾಮಾನ್ಯ ಜನರೂ ಮಕ್ಕಳೂ ನಿಸ್ಸಂಕೋಚವಾಗಿ ಒಳಬಂದು ಪುಸ್ತಕ ಪಡೆಯುವುದನ್ನು ನೋಡಿ ಅವರ ಮನಸ್ಸು ಪರಿವರ್ತನೆಗೊಂಡಿತು. ಆದರೆ ವಿಷಯಗಳ ಪಟ್ಟಿಯನ್ನು ಮೊದಲೇ ಸಿದ್ಧಪಡಿಸಿ ಪ್ರತಿಯೊಂದಕ್ಕೂ ಸಂಖ್ಯೆ ನೀಡುವ ಡ್ಯೂಯಿ ಪದ್ಧತಿಯು ಅವರಿಗೆ ತೃಪ್ತಿಯನ್ನು ನೀಡಲಿಲ್ಲ. ನಾಳೆ ಹುಟ್ಟುವ ವಿಷಯಕ್ಕೆ ಇಂದಿನ ಪಟ್ಟಿಯಲ್ಲಿ ಸ್ಥಾನವೆಲ್ಲಿ? ಲಂಡನ್ನಿನ ದೊಡ್ಡ ಮಳಿಗೆಯೊಂದರಲ್ಲಿ ಮೆಕ್ಯಾನೋ ಎಂಬ ಆಟಿಕೆಯನ್ನು ಕಂಡಾಗ ಉತ್ತರ ಹೊಳೆಯಿತು. ಅದೇ ಪಟ್ಟಿಗಳು, ಅದೇ ಬೋಲ್ಟು ನಟ್ಟುಗಳು. ಜೋಡಿಸುವ ಬಗೆ ಬದಲಾದಂತೆ ಬೇರೆ ಬೇರೆ ಯಂತ್ರಗಳು. 1925ರಲ್ಲಿ ಹಿಂದಿರುಗುವ ಹಡಗಿನಲ್ಲಿಯೇ ಹೊಸ ಪದ್ಧತಿಯ ಕರಡು ಆರಂಭವಾಯಿತು. ಅದು 1933ರಲ್ಲಿ ಕೋಲನ್ ವರ್ಗೀಕರಣ ಎಂಬ ಹೆಸರಿನಿಂದ ಪ್ರಕಟವಾಯಿತು.

ಈ ಪದ್ಧತಿಯನ್ನು ನಮ್ಮ ಕಡೆಯ ಉದಾಹರಣೆಯಿಂದ ತಿಳಿಯಬಹುದು. ತುಮಕೂರು ಜಿಲ್ಲೆಯ ರಾಗಿ ಬೆಳೆಗೆ ಒಂದು ದಶಕದಲ್ಲಿ ತಗುಲಿದ ರೋಗದ ಕುರಿತು ಪುಸ್ತಕವೊಂದು ಬಂದಿದೆಯೆನ್ನೋಣ. ಕೃಷಿ, ರಾಗಿ, ರೋಗ, ತುಮಕೂರು, ಆ ದಶಕ ಎಂದು ವಿಷಯವನ್ನು ಮೊದಲು ಬಿಡಿಸಲಾಗುತ್ತದೆ. ಪ್ರತಿಯೊಂದು ಅಂಗಕ್ಕೂ ಇರುವ ಚಿಹ್ನೆಗಳನ್ನು ನಿಗದಿಯಾದ ಕ್ರಮದಲ್ಲಿ ಜೋಡಿಸಿದಾಗ ಪುಸ್ತಕದ ವರ್ಗಸಂಖ್ಯೆ ದೊರೆಯುತ್ತದೆ. ಅಂಗಗಳ ನಡುವೆ ಬಳಸುವ ಎರಡು ಚುಕ್ಕಿಗಳ ಚಿಹ್ನೆಯಿಂದಲೇ ಪದ್ಧತಿಗೆ ಕೋಲನ್ ಎಂಬ ಹೆಸರು ಬಂದಿತು. ಹೀಗೆ ಜೋಡಿಸಿದಾಗ ಓದುಗನು ಬಯಸಿದ ಪುಸ್ತಕದ ಅಕ್ಕಪಕ್ಕದಲ್ಲಿ ಅದಕ್ಕೆ ಹತ್ತಿರದ ವಿಷಯದ ಪುಸ್ತಕಗಳೇ ನಿಲ್ಲುತ್ತವೆ. ಕೇಳಲು ತಿಳಿಯದಿದ್ದ ಪುಸ್ತಕವೂ ಕಣ್ಣಿಗೆ ಬೀಳುತ್ತದೆ. ಪದ್ಧತಿಯು ಕಠಿಣವೆಂಬ ದೂರು ಇಲ್ಲದಿಲ್ಲ. ಜಗತ್ತಿನ ಅನೇಕ ಗ್ರಂಥಾಲಯಗಳು ಡ್ಯೂಯಿ ಪದ್ಧತಿಯಲ್ಲಿಯೇ ಉಳಿದವು. ಆದರೆ ವಿಷಯವನ್ನು ಅಂಗಗಳಾಗಿ ಬಿಡಿಸುವ ರಂಗನಾಥನ್ ಅವರ ವಿಧಾನವನ್ನು ಹೊರದೇಶಗಳ ವರ್ಗೀಕರಣ ತಜ್ಞರೂ ಸ್ವೀಕರಿಸಿದರು.

1931ರಲ್ಲಿ ಅವರು ಗ್ರಂಥಾಲಯ ವಿಜ್ಞಾನದ ಐದು ಸೂತ್ರಗಳನ್ನು ಗ್ರಂಥರೂಪದಲ್ಲಿ ಪ್ರಕಟಿಸಿದರು. ಪುಸ್ತಕವನ್ನು ಬೀಗ ಹಾಕಿ ಕಾಯುವುದಕ್ಕಿಂತ ಓದಿಗೆ ಒದಗಿಸುವುದೇ ಗ್ರಂಥಪಾಲಕನ ಕರ್ತವ್ಯವೆಂಬುದು ಅವುಗಳ ಅಡಿಪಾಯ. ಓದುಗನ ಸಮಯ ವ್ಯರ್ಥವಾಗಬಾರದೆಂಬುದು ನಾಲ್ಕನೆಯ ಸೂತ್ರದ ಆಶಯ. ಕಚೇರಿಗಳ ಕಿಟಕಿಯ ಮುಂದೆ ನಿಂತ ಎಲ್ಲರಿಗೂ ಇದರ ಬೆಲೆ ತಿಳಿದಿರುತ್ತದೆ. ಮದ್ರಾಸ್ ವಿಶ್ವವಿದ್ಯಾಲಯದಲ್ಲಿ ಓದುಗರು ತಾವೇ ಕಪಾಟಿನಿಂದ ಪುಸ್ತಕ ತೆಗೆದುಕೊಳ್ಳುವ ವ್ಯವಸ್ಥೆಯನ್ನು ಅವರು ಜಾರಿಗೆ ತಂದರು. 1945ರವರೆಗೆ ಅಲ್ಲಿದ್ದು, ಬಳಿಕ ಬನಾರಸ್ ಹಾಗೂ ದೆಹಲಿಯಲ್ಲಿ ಸೇವೆ ಸಲ್ಲಿಸಿದರು. 1957ರಲ್ಲಿ ಅವರಿಗೆ ಪದ್ಮಶ್ರೀ ಪ್ರಶಸ್ತಿ ದೊರೆಯಿತು.

ಜೀವನದ ಕೊನೆಯ ವರ್ಷಗಳಲ್ಲಿ ಅವರು ಬೆಂಗಳೂರಿನಲ್ಲಿ ನೆಲೆಸಿದರು. ಭಾರತೀಯ ಸಾಂಖ್ಯಿಕ ಸಂಸ್ಥೆಯ ಆಶ್ರಯದಲ್ಲಿ 1962ರಲ್ಲಿ ಪ್ರಲೇಖನ ಸಂಶೋಧನೆ ಮತ್ತು ತರಬೇತಿ ಕೇಂದ್ರವನ್ನು ಇಲ್ಲಿ ಸ್ಥಾಪಿಸಿದರು. ಪುಸ್ತಕಗಳಷ್ಟೇ ಅಲ್ಲದೆ ಪತ್ರಿಕೆಗಳ ಬಿಡಿ ಲೇಖನಗಳಲ್ಲಿ ಚದುರಿದ ಮಾಹಿತಿಯನ್ನೂ ಕಲೆಹಾಕಿ ಕ್ರಮಪಡಿಸುವ ಶಿಕ್ಷಣ ಅಲ್ಲಿ ಆರಂಭವಾಯಿತು. ಈ ಕೇಂದ್ರವು ಇಂದು ಕೆಂಗೇರಿಗೆ ಹೋಗುವ ಮೈಸೂರು ರಸ್ತೆಯಲ್ಲಿ ಸಂಸ್ಥೆಯ ಆವರಣದಲ್ಲಿದೆ. ಉಳಿತಾಯದ ಹಣದಿಂದ 1956ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯಕ್ಕೆ 1 ಲಕ್ಷ ರೂಪಾಯಿ ದಾನ ನೀಡಿದ್ದ ಅವರು, ಬೆಂಗಳೂರಿನಲ್ಲಿ ಪತ್ನಿ ಶಾರದಾ ಅವರ ಹೆಸರಿನಲ್ಲಿ ದತ್ತಿಯೊಂದನ್ನೂ ಸ್ಥಾಪಿಸಿದರು.

ಗ್ರಂಥಾಲಯವು ದಾನಿಗಳ ಔದಾರ್ಯವನ್ನೇ ಅವಲಂಬಿಸದೆ ಕಾನೂನಿನ ಆಧಾರದ ಮೇಲೆ ನಿಲ್ಲಬೇಕೆಂಬುದು ಅವರ ಬಹುಕಾಲದ ವಾದವಾಗಿದ್ದಿತು. ಈ ವಾದವು 1948ರಲ್ಲಿ ಮದ್ರಾಸಿನಲ್ಲಿ ಕಾಯ್ದೆಯಾಗಿ ಫಲಿಸಿತು. ನಮ್ಮ ರಾಜ್ಯದಲ್ಲಿ 1965ರ ಸಾರ್ವಜನಿಕ ಗ್ರಂಥಾಲಯಗಳ ಕಾಯ್ದೆಯು 1966ರ ನವೆಂಬರ್ 1ರಿಂದ ಜಾರಿಗೆ ಬಂದಿತು. ಆಸ್ತಿ ತೆರಿಗೆಯೊಂದಿಗೆ ನಾಗರಿಕರು ಪಾವತಿಸುವ ಗ್ರಂಥಾಲಯ ಕರಕ್ಕೆ ಈ ಕಾಯ್ದೆಯೇ ಆಧಾರ.

ರಂಗನಾಥನ್ ಅವರು 1972ರ ಸೆಪ್ಟೆಂಬರ್ 27ರಂದು ಬೆಂಗಳೂರಿನಲ್ಲಿ ನಿಧನರಾದರು. ದಾಖಲೆಯಲ್ಲಿರುವ ಜನ್ಮದಿನಾಂಕದಂತೆ, ಆಗಸ್ಟ್ 12ನ್ನು ಗ್ರಂಥಪಾಲಕರ ದಿನವನ್ನಾಗಿ ಆಚರಿಸಲಾಗುತ್ತಿದೆ.