ನೀರು ಬದಲಿಸದ ಮೀನಿನ ತೊಟ್ಟಿ: ರಾಬರ್ಟ್ ವಾರಿಂಗ್‌ಟನ್

ಮಕ್ಕಳೇ, ತೊಟ್ಟಿಯಲ್ಲಿ ಮೀನು ಸಾಕಿದರೆ ನೀರನ್ನು ಆಗಾಗ ಬದಲಿಸಬೇಕಲ್ಲವೇ? ಬದಲಿಸದೆಯೂ ಮೀನು ಬದುಕಬಲ್ಲದೇ ಎಂದು ಪರೀಕ್ಷಿಸಿದವರು ಇಂಗ್ಲೆಂಡಿನ ರಸಾಯನ ವಿಜ್ಞಾನಿ ರಾಬರ್ಟ್ ವಾರಿಂಗ್‌ಟನ್.

ಇವರು ಜನಿಸಿದ್ದು 1807ರಲ್ಲಿ. 1841ರಲ್ಲಿ ಲಂಡನ್ನಿನ ಕೆಮಿಕಲ್ ಸೊಸೈಟಿಯ ಸ್ಥಾಪನೆಗೆ ಶ್ರಮಿಸಿದರು. 1849ರಲ್ಲಿ ಸುಮಾರು 54 ಲೀಟರ್ ಹಿಡಿಯುವ ಗಾಜಿನ ಪಾತ್ರೆಯಲ್ಲಿ ಮರಳು, ಕೆಸರು ಹಾಕಿ, ಅರ್ಧದಷ್ಟು ನೀರು ತುಂಬಿದರು. ವ್ಯಾಲಿಸ್ನೇರಿಯಾ ಗಿಡ ನೆಟ್ಟು, ಎರಡು ಚಿನ್ನದ ಮೀನು ಬಿಟ್ಟರು. ಮೀನು ಹೊರಬಿಡುವ ಇಂಗಾಲದ ಡೈಆಕ್ಸೈಡನ್ನು ಗಿಡ ಬೆಳಕಿನಲ್ಲಿ ಬಳಸಿಕೊಂಡು ಆಮ್ಲಜನಕ ಕೊಡುತ್ತದೆ. ಲೆಕ್ಕ ಸರಿಯಾಗಿಯೇ ಇತ್ತು.

ಆದರೆ ಹಳೆಯ ಎಲೆಗಳು ಕೊಳೆತವು. ನೀರು ಕದಡಿತು, ಗಾಜಿಗೆ ಪಾಚಿ ಅಂಟಿತು. ಗಿಡ, ಮೀನು ಎರಡಕ್ಕೂ ಅಪಾಯ!

ವಾರಿಂಗ್‌ಟನ್ ಪ್ರಯೋಗವನ್ನು ಕೈಬಿಡಲಿಲ್ಲ. ಕೊಳದಲ್ಲಿ ಕೊಳೆತ ಎಲೆ ತಿನ್ನುವ ಬಸವನಹುಳುಗಳನ್ನು ತಂದು ಬಿಟ್ಟರು. ಅವು ಎಲೆ, ಪಾಚಿ ತಿಂದವು. ನೀರು ತಿಳಿಯಾಯಿತು, ಗಿಡ ಚಿಗುರಿತು. ಹುಳುಗಳ ಮೊಟ್ಟೆಗಳು ಮೀನಿಗೆ ಆಹಾರವಾದವು. ಈ ಸಮತೋಲನವನ್ನು 1850ರಲ್ಲಿ ಲೇಖನವಾಗಿ ಪ್ರಕಟಿಸಿದರು. 1867ರಲ್ಲಿ ನಿಧನರಾದರು.

ನೀವೂ ಶಾಲೆಯಲ್ಲಿ ಹೊಸ ತೊಟ್ಟಿ ಮಾಡುವಿರಾ? ಬೇರೂರಲು ಮರಳು ಹಾಕಿ, ಬೆಳಕು ಬೀಳುವಂತೆ ಇಡಿ. ಮೊದಲು ಗಿಡ ಚಿಗುರಲಿ, ಆಮೇಲೆ ಒಂದೆರಡು ಮೀನು ಬಿಡಿ. ಕೊಳೆತ ಎಲೆಯನ್ನು ಕೂಡಲೇ ತೆಗೆಯಿರಿ.