ಗೇಮ್ ಕ್ಯಾಸೆಟ್ ಓಡದಿದ್ದರೆ ಬಾಯಿಂದ ಊದಬೇಕೇ? ಜೆರ್ರಿ ಲಾಸನ್ ಕಥೆ

ಟಿವಿಗೆ ಜೋಡಿಸುವ ವಿಡಿಯೋ ಗೇಮ್ ಓಡದಿದ್ದರೆ ಕ್ಯಾಸೆಟ್ ತೆಗೆದು, ಉಫ್ ಎಂದು ಊದಿ, ಮತ್ತೆ ಹಾಕುವುದು ಚಿಕ್ಕಂದಿನಲ್ಲಿ ನಾವೆಲ್ಲ ಮಾಡಿದ ಕೆಲಸವೇ. ಹಳೆಯ ಸೆಟ್ ರಿಪೇರಿಗೆ ಕೂತವರಿಗೆ ಈಗಲೂ ಇದೇ ಸಲಹೆ ಸಿಗುತ್ತದೆ. ದಯವಿಟ್ಟು ಊದಬೇಡಿ. ಏಕೆಂದು ತಿಳಿಯಲು ಈ ಕ್ಯಾಸೆಟ್ಟನ್ನು ಮನೆಗಳಿಗೆ ತಲುಪಿಸಿದ ಜೆರ್ರಿ ಲಾಸನ್ ಅವರಿಂದಲೇ ಶುರುಮಾಡೋಣ.

ಲಾಸನ್ ಹುಟ್ಟಿದ್ದು 1940ರ ಡಿಸೆಂಬರ್ 1ರಂದು, ನ್ಯೂಯಾರ್ಕ್‌ನ ಬ್ರೂಕ್ಲಿನ್‌ನಲ್ಲಿ. ತಂದೆ ಬಂದರಿನ ಕೂಲಿ ಕೆಲಸಗಾರ, ಆದರೆ ವಿಜ್ಞಾನದ ಹುಚ್ಚಿದ್ದವರು. ಹುಡುಗ ಮನೆಯಲ್ಲೇ ಹ್ಯಾಮ್ ರೇಡಿಯೋ ಕಟ್ಟಿಕೊಂಡ, ಟಿವಿ ರಿಪೇರಿ ಮಾಡಿ ಕಾಸು ಸಂಪಾದಿಸಿದ. ಕಾಲೇಜಿಗೆ ಹೋದರೂ ಡಿಗ್ರಿ ಮುಗಿಯಲಿಲ್ಲ. 1970ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಫೇರ್‌ಚೈಲ್ಡ್ ಕಂಪನಿ ಸೇರಿದರು. ಆಗ ಅಲ್ಲಿನ ಚಿಪ್ ಉದ್ಯಮದಲ್ಲಿ ಕಪ್ಪುವರ್ಣೀಯ ಎಂಜಿನಿಯರ್‌ಗಳು ಬೆರಳೆಣಿಕೆಯಷ್ಟು. ಬಿಡುವಿನಲ್ಲಿ ಲಾಸನ್ ತಮ್ಮ ಗ್ಯಾರೇಜಿನಲ್ಲೇ ಕಾಸು ಹಾಕಿ ಆಡುವ ಗೇಮ್ ಒಂದನ್ನು ಮಾಡಿದರು. ಅದು ಗೊತ್ತಾಗಿ ಕಂಪನಿ ಗೇಮ್ ವಿಭಾಗವನ್ನೇ ಅವರ ಕೈಗಿಟ್ಟಿತು.

ಕ್ಯಾಸೆಟ್ಟನ್ನು ಲಾಸನ್ ಒಬ್ಬರೇ ಕಂಡುಹಿಡಿದರು ಎಂಬ ಫಾರ್ವರ್ಡ್ ನಿಮಗೂ ಬಂದಿರಬಹುದು. ಅದು ಅರ್ಧ ಸತ್ಯ. ಮೊದಲ ಮಾದರಿ ಆಲ್ಪೆಕ್ಸ್ ಎಂಬ ಸಣ್ಣ ಕಂಪನಿಯ ವಾಲೇಸ್ ಕಿರ್ಶ್ನರ್ ಮತ್ತು ಲಾರೆನ್ಸ್ ಹ್ಯಾಸ್ಕೆಲ್ ಅವರದು. ಅದನ್ನು ಮಕ್ಕಳ ಕೈಗೆ ಕೊಡುವಂಥ ವಸ್ತುವಾಗಿಸಿದ್ದು ಲಾಸನ್ ತಂಡ, ಮತ್ತು ಕಷ್ಟದ ಕೆಲಸ ಅದೇ ಎಂದು ನಮ್ಮ ಅನಿಸಿಕೆ. ಚಿಪ್ಪನ್ನು ನೂರಾರು ಸಲ ಚುಚ್ಚಿ ಕಿತ್ತರೆ ಏನಾದೀತು ಎಂಬುದು ಆಗ ಯಾರಿಗೂ ಗೊತ್ತಿರಲಿಲ್ಲ. 1976ರ ನವೆಂಬರ್‌ನಲ್ಲಿ 'ಚಾನೆಲ್ ಎಫ್' ಬಂತು. ಬೆಲೆ 169.95 ಡಾಲರ್, ಕ್ಯಾಸೆಟ್ ಹಳದಿ ಬಣ್ಣ, ಆಟ ನಡುವೆ ನಿಲ್ಲಿಸುವ ಬಟನ್ನೂ ಇತ್ತು.

ಇಂದಿಗೂ ಹಳೆಯ ಸೆಟ್ ಕೈಕೊಡುವುದು ಹೆಚ್ಚಾಗಿ ಆ ಚುಚ್ಚುವ ಜಾಗದಲ್ಲೇ. ಕ್ಯಾಸೆಟ್ಟಿನ ಲೋಹದ ಪಟ್ಟಿಗಳ ಮೇಲೆ ಕಿಲುಬು, ಕೊಳೆ ಕೂರುತ್ತದೆ. ಊದಿದಾಗ ಸರಿಹೋದಂತೆ ಕಾಣುವುದು ಊದಿದ್ದಕ್ಕಲ್ಲ, ತೆಗೆದು ಹಾಕುವಾಗ ಲೋಹ ಲೋಹಕ್ಕೆ ಉಜ್ಜುವುದರಿಂದ. ಉಸಿರಿನ ತೇವ ಕಿಲುಬನ್ನು ಹೆಚ್ಚಿಸುತ್ತದೆ ಅಷ್ಟೇ. ಕರೆಂಟ್ ತೆಗೆದು, ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಅದ್ದಿದ ಇಯರ್ ಬಡ್‌ನಿಂದ ಪಟ್ಟಿಗಳನ್ನು ಒರೆಸಿ, ಪೂರ್ತಿ ಒಣಗಿದ ಮೇಲೆ ಹಾಕಿ. ಅಮೆರಿಕದಿಂದ ಯಾರಾದರೂ ತಂದುಕೊಟ್ಟ ಸೆಟ್ಟಾದರೆ ಇನ್ನೊಂದು ಮಾತು: ಅದು 120 ವೋಲ್ಟ್‌ನದು. ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಇಲ್ಲದೆ ನಮ್ಮ 230 ವೋಲ್ಟ್‌ಗೆ ಚುಚ್ಚಿದರೆ ಸುಟ್ಟೇ ಹೋದೀತು. ಟಿವಿಯಲ್ಲಿ ಸದ್ದಿಲ್ಲವೆಂದು ಗಾಬರಿಯಾಗಬೇಡಿ, ಮೊದಲ ಚಾನೆಲ್ ಎಫ್‌ನಲ್ಲಿ ಸದ್ದು ಬರುವುದು ಪೆಟ್ಟಿಗೆಯೊಳಗಿನ ಸ್ಪೀಕರ್‌ನಿಂದಲೇ.

1977ರಲ್ಲಿ ಬಂದ ಅಟಾರಿಯ ಸೆಟ್ ಮುಂದೆ ಮಾರುಕಟ್ಟೆಯನ್ನೇ ಗೆದ್ದಿತು. ಲಾಸನ್ 1980ರಲ್ಲಿ ಕೆಲಸ ಬಿಟ್ಟು ವಿಡಿಯೋಸಾಫ್ಟ್ ಎಂಬ ಸ್ವಂತ ಕಂಪನಿ ತೆರೆದರು, ಅದು ಹೆಚ್ಚು ಕಾಲ ನಡೆಯಲಿಲ್ಲ. ಕೊನೆಯ ವರ್ಷಗಳಲ್ಲಿ ಸಕ್ಕರೆ ಕಾಯಿಲೆ ಒಂದು ಕಣ್ಣಿನ ದೃಷ್ಟಿಯನ್ನೂ ಕಾಲಿನ ಶಕ್ತಿಯನ್ನೂ ಕಸಿದುಕೊಂಡಿತು. ಗೇಮ್ ತಯಾರಕರ ಅಂತರರಾಷ್ಟ್ರೀಯ ಸಂಘ ಅವರನ್ನು ಗೌರವಿಸಿದ್ದು 2011ರ ಮಾರ್ಚ್‌ನಲ್ಲಿ. ಏಪ್ರಿಲ್ 9ರಂದು ಅವರು ತೀರಿಕೊಂಡರು.